ಜೊತೆ ಕುದುರೆ ಹೊರಟರೂ ಮೇವು ಬಿಡಬಾರದು: ಎಳೆಯ ಕುದುರೆಯನ್ನು ಎಂಡ್ಯೂರೆನ್ಸ್ ಸವಾರಿಗೆ ಅಣಿ ಮಾಡುವ ಬಗೆ

ಕಾಲು ಗಟ್ಟಿ, ದಮ್ಮು ಗಟ್ಟಿ. ಆದರೂ ಕೆಲವು ಎಳೆಯ ಕುದುರೆಗಳು ಎಂಡ್ಯೂರೆನ್ಸ್ ಸವಾರಿಯಲ್ಲಿ, ಅಂದರೆ ನಡುನಡುವೆ ಪಶುವೈದ್ಯರ ತಪಾಸಣೆ ಇರುವ ಬಹುದೂರದ ಸವಾರಿ ಸ್ಪರ್ಧೆಯಲ್ಲಿ, ನಿಂತಲ್ಲೇ ಸೋಲುತ್ತವೆ. ಬೆಳಿಗ್ಗೆಯಿಂದ ಜೊತೆಗೆ ಓಡಿದ ಕುದುರೆ ತಪಾಸಣೆ ಮುಗಿಸಿ ಮುಂದಿನ ಸುತ್ತಿಗೆ ಹೊರಡುತ್ತದೆ. ಇದರ ತಲೆ ಮೇಲೇಳುತ್ತದೆ. ಬಾಯಿಂದ ಹುಲ್ಲು ಜೋತಾಡುತ್ತಿರುತ್ತದೆ, ದವಡೆ ಆಡುವುದಿಲ್ಲ. ಆಮೇಲೆ ಕೆನೆತ, ಸುತ್ತುವುದು, ಮುಂಗಾಲಿನಿಂದ ನೆಲ ಕೆರೆಯುವುದು. ನೀರಿನ ಬಕೆಟ್ ಮುಂದಿಟ್ಟರೂ ಮೂಗು ಬಗ್ಗಿಸುವುದಿಲ್ಲ. ನಿಮಿಷಕ್ಕೆ 56ಕ್ಕೆ ಇಳಿದಿದ್ದ ಎದೆಬಡಿತ ನೋಡನೋಡುತ್ತಲೇ 80 ದಾಟುತ್ತದೆ.

ಇದನ್ನು ಹಟ, ಸೊಕ್ಕು ಎಂದು ಬೈಯುವವರಿದ್ದಾರೆ. ಖಂಡಿತ ಅಲ್ಲ. ಕುದುರೆ ಹಿಂಡಿನ ಪ್ರಾಣಿ. ಬಯಲಲ್ಲಿ ಹಿಂಡು ತಪ್ಪಿದ ಕುದುರೆ ಯಾವುದಾದರೂ ಪ್ರಾಣಿಯ ಬಾಯಿಗೆ ಬೀಳುತ್ತಿತ್ತು. ಆ ಭಯ ಅದರ ಮೈಯಲ್ಲೇ ಇದೆ, ಬೈದರೆ ಹೋಗುವುದಿಲ್ಲ.

ಹಾಗಂತ ಒಂಟಿಯಾಗಿ ಇರುವುದನ್ನು ಕಲಿಸುತ್ತೇನೆ ಎಂದೂ ಹೊರಡಬೇಡಿ. ಕಲಿಸಬೇಕಾದದ್ದು ಅದಕ್ಕಿಂತ ಚಿಕ್ಕದು. ಜೊತೆ ಕುದುರೆ ಹೋಗುತ್ತದೆ, ಮತ್ತೆ ಬರುತ್ತದೆ, ಅಷ್ಟರವರೆಗೆ ನಾನು ಮೇಯುತ್ತಿರಬಹುದು. ಇಷ್ಟು ಅದರ ತಲೆಗೆ ಹೋದರೆ ಸಾಕು. ಈ ಪಾಠ ತಲೆಗೆ ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಅಳತೆ: ಕುದುರೆಯ ಬಾಯಿ. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ನಾನು ಅದನ್ನೇ ನೋಡಲು ಹೇಳುತ್ತೇನೆ.

ಈ ಆಟದಲ್ಲಿ ಇದಕ್ಕೆ ಯಾಕಿಷ್ಟು ಬೆಲೆ

ಇಲ್ಲಿ ನಾನು ಅಮೆರಿಕದ ಪದ್ಧತಿಯನ್ನೇ ಇಟ್ಟುಕೊಂಡು ಹೇಳುತ್ತಿದ್ದೇನೆ. 1955ರಲ್ಲಿ ವೆಂಡೆಲ್ ರೋಬಿ ಮತ್ತು ಅವರ ಕೆಲವು ಗೆಳೆಯರು ಟಾಹೋ ಸರೋವರದ ಕಡೆಯಿಂದ ಕ್ಯಾಲಿಫೋರ್ನಿಯಾದ ಆಬರ್ನ್‌ವರೆಗೆ 100 ಮೈಲಿಯನ್ನು ಒಂದೇ ದಿನದಲ್ಲಿ ಮುಗಿಸಿದರು. ಇವತ್ತು ಟೆವಿಸ್ ಕಪ್ ಎನ್ನುವುದು ಅದನ್ನೇ. 1972ರಲ್ಲಿ ಶುರುವಾದ ಎಇಆರ್‌ಸಿ (ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್) ಸಂಸ್ಥೆ ಅಲ್ಲಿನ ಸವಾರಿಗಳಿಗೆ ನಿಯಮ ಮಾಡುತ್ತದೆ. 25ರಿಂದ 35 ಮೈಲಿಯ ಚಿಕ್ಕ ದೂರಕ್ಕೆ ಕುದುರೆಗೆ 4 ವರ್ಷ ತುಂಬಿರಬೇಕು. 50 ಮೈಲಿ ಮತ್ತು ಅದಕ್ಕಿಂತ ಹೆಚ್ಚಿನ ದೂರಕ್ಕೆ 5 ವರ್ಷ. ಟೆವಿಸ್‌ಗೆ 6. ಹೀಗಾಗಿ ಎಳೆಯ ಕುದುರೆ ಎಂದಾಗ ನನ್ನ ಮನಸ್ಸಿನಲ್ಲಿರುವುದು 4ರಿಂದ 6 ವರ್ಷದ ಕುದುರೆ.

ದಾರಿಯನ್ನು ಸುತ್ತುಗಳಾಗಿ ಹಂಚಿರುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರ ತಪಾಸಣೆ ಮತ್ತು ಕಡ್ಡಾಯ ವಿಶ್ರಾಂತಿ. ಎದೆಬಡಿತ ನಿಗದಿಯಾದ ಮಟ್ಟಕ್ಕೆ, ಸಾಮಾನ್ಯವಾಗಿ 60 ಅಥವಾ 64ಕ್ಕೆ, ಇಳಿಯಬೇಕು. ಹೆಚ್ಚಿನ ಕಡೆ ವಿಶ್ರಾಂತಿಯ ಗಡಿಯಾರ ಓಡಲು ಶುರುವಾಗುವುದೇ ಬಡಿತ ಇಳಿದ ಮೇಲೆ. ಗಾಬರಿಯಾದ ಕುದುರೆಗೆ ದಣಿವೇ ಇಲ್ಲದಿದ್ದರೂ ಬಡಿತ ಇಳಿಯುವುದಿಲ್ಲ. ನಿಮಿಷಗಳು ಸುಮ್ನೆ ಸೋರಿಹೋಗುತ್ತವೆ.

ಇನ್ನೊಂದು ಪರೀಕ್ಷೆ ಇದೆ, ಗಾಬರಿ ಬಯಲಾಗುವುದು ಅಲ್ಲೇ. ವೈದ್ಯರು ಬಡಿತ ಎಣಿಸುತ್ತಾರೆ. ನೀವು ಕುದುರೆಯನ್ನು ಹಗ್ಗ ಹಿಡಿದು 125 ಅಡಿ ಟ್ರಾಟ್‌ನಲ್ಲಿ, ಅಂದರೆ ಕುಕ್ಕುಲೋಟದಲ್ಲಿ, ಓಡಿಸಿಕೊಂಡು ಹೋಗಿ ವಾಪಸ್ ಬರುತ್ತೀರಿ. ಓಟ ಶುರುವಾಗಿ ಒಂದು ನಿಮಿಷಕ್ಕೆ ಸರಿಯಾಗಿ ಮತ್ತೆ ಎಣಿಸುತ್ತಾರೆ. ಎರಡನೇ ಸಂಖ್ಯೆ ಮೊದಲನೆಯದಕ್ಕೆ ಸಮ ಇರಬೇಕು ಅಥವಾ ಕಡಿಮೆ ಇರಬೇಕು. ಏರಿದ್ದರೆ ವೈದ್ಯರು ದಣಿವನ್ನೂ ನೋವನ್ನೂ ಅನುಮಾನಿಸುತ್ತಾರೆ. ಆ ಒಂದು ನಿಮಿಷದಲ್ಲಿ ದೂರದಿಂದ ಪರಿಚಯದ ಕೆನೆತ ಕೇಳಿಸಿತು ಅಂದುಕೊಳ್ಳಿ. ಸ್ಟೆತೊಸ್ಕೋಪ್ ಕೆಳಗೆ ಬಡಿತ ಹಾರುವುದು ಕೈಗೇ ಗೊತ್ತಾಗುತ್ತದೆ.

ಬಡಿತಕ್ಕಿಂತ ದೊಡ್ಡ ತೊಂದರೆ ಎಂದರೆ ತಿನ್ನದೆ, ಕುಡಿಯದೆ ಇರುವುದು. ನೀರು, ಲವಣ ಕಳೆದುಕೊಂಡ ಕುದುರೆಯ ಕರುಳು ಮಂದವಾಗುತ್ತದೆ. ಹೊಟ್ಟೆನೋವು, ಸ್ನಾಯು ಹಿಡಿದುಕೊಳ್ಳುವುದು, ಪ್ರಾಣಕ್ಕೇ ಕುತ್ತು ಬರುವುದು, ಎಲ್ಲವೂ ಅಲ್ಲಿಂದ ಶುರು. ಅದಕ್ಕೇ ಬಾಯಿ ನೋಡಿ ಎನ್ನುವುದು.

ಮೊದಲು ನೋವಿಲ್ಲ ಎಂದು ಖಚಿತ ಮಾಡಿಕೊಳ್ಳಿ

ನೋವಿರುವ ಕುದುರೆ ಜೊತೆ ಕುದುರೆಗೆ ಜಾಸ್ತಿ ಅಂಟಿಕೊಳ್ಳುತ್ತದೆ. ಅದನ್ನು ತರಬೇತಿಯಿಂದ ಸರಿ ಮಾಡಲು ಹೋಗುವುದು ಅನ್ಯಾಯ. ಹೊಟ್ಟೆಯ ಹುಣ್ಣು ಎಂಡ್ಯೂರೆನ್ಸ್ ಕುದುರೆಗಳಲ್ಲಿ ತುಂಬಾ ಸಾಮಾನ್ಯ. ಕುದುರೆಯ ಜಠರ ಹಗಲೂ ರಾತ್ರಿ ಆಮ್ಲ ಸುರಿಸುತ್ತಲೇ ಇರುತ್ತದೆ. ಮೇವು ಇಲ್ಲದೆ ಗಂಟೆಗಟ್ಟಲೆ ನಿಂತರೆ, ಅಥವಾ ಖಾಲಿ ಹೊಟ್ಟೆಯಲ್ಲಿ ಓಡಿದರೆ, ಆ ಆಮ್ಲ ಜಠರದ ಮೇಲ್ಭಾಗವನ್ನು ಸುಡುತ್ತದೆ. ಜೀನು ಕಟ್ಟುವಾಗ ಕಿವಿ ಹಿಂದಕ್ಕೆ ಹಾಕುವುದು, ಕಾಳು ಬಿಟ್ಟು ಹುಲ್ಲು ಮಾತ್ರ ತಿನ್ನುವುದು, ಮೈ ಇಳಿಯುವುದು ಕಂಡರೆ ವೈದ್ಯರಿಗೆ ತೋರಿಸಿ. ಜೀನು ಬೆನ್ನಿಗೆ ಸರಿಯಾಗಿ ಕೂರುತ್ತದೆಯೇ, ಹಲ್ಲು ಚೂಪಾಗಿವೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ನೋಡಿಸಿಬಿಡಿ.

ಲಾಯದಲ್ಲಿ ನೆಮ್ಮದಿಯಾಗಿ ನಿಂತಾಗಿನ ಬಡಿತವನ್ನು ಕೆಲವು ದಿನ ಎಣಿಸಿ ಬರೆದಿಟ್ಟುಕೊಳ್ಳಿ. ದೊಡ್ಡ ಕುದುರೆಗೆ ಅದು 28ರಿಂದ 44ರ ಒಳಗಿರುತ್ತದೆ. ನಿಮ್ಮ ಕುದುರೆಯದು 36 ಎಂದು ಗೊತ್ತಿದ್ದರೆ, ಜೊತೆ ಕುದುರೆ ಹೊರಗೆ ಹೋದಾಗ 48 ಆದದ್ದು ತಕ್ಷಣ ತಿಳಿಯುತ್ತದೆ. ಹೊರಗಿನಿಂದ ಅದು ಶಾಂತವಾಗೇ ಕಾಣುತ್ತಿರಬಹುದು.

ಒಂದನೇ ಹೆಜ್ಜೆ: ಲಾಯದಲ್ಲೇ ಚಿಕ್ಕ ಅಗಲಿಕೆಗಳು

ಸವಾರಿಗೆ ಹೋಗುವ ತಿಂಗಳುಗಳ ಮುಂಚೆಯೇ ಇದು ಶುರುವಾಗಬೇಕು. ಎರಡು ಕುದುರೆ, ಇಬ್ಬರು ಜನ ಬೇಕು. ನಿಮ್ಮ ಕುದುರೆ ತನ್ನ ಜಾಗದಲ್ಲಿರಲಿ, ಮುಂದೆ ಒಳ್ಳೆಯ ಹುಲ್ಲಿರಲಿ. ನಾಲ್ಕು ಬಾಯಿ ತಿಂದ ಮೇಲೆ ಸಹಾಯಕರು ಜೊತೆ ಕುದುರೆಯನ್ನು ಹತ್ತು ಹೆಜ್ಜೆ ಆಚೆ ಕರೆದುಕೊಂಡು ಹೋಗಲಿ. ನೀವು ದವಡೆ ನೋಡುತ್ತಿರಿ. ಆಡುತ್ತಿದೆಯಾ? ಸರಿ, ವಾಪಸ್ ಬರಲಿ. ತಲೆ ಎತ್ತಿ ನೋಡಿ ಮತ್ತೆ ತಿನ್ನಲು ಬಗ್ಗಿತಾ? ಅದು ಇನ್ನೂ ಚೆನ್ನ. ಚಿಂತೆ ಬಂದರೂ ತಾನಾಗೇ ಇಳಿಸಿಕೊಂಡಿತು ಎಂದರ್ಥ. ತಲೆ ಎತ್ತಿ ದವಡೆ ನಿಲ್ಲಿಸಿ ಹಾಗೇ ಉಳಿದರೆ, ಅಷ್ಟು ದೂರ ಇವತ್ತಿಗೆ ಜಾಸ್ತಿಯಾಯಿತು. ಮುಂದಿನ ಸಲ ಐದೇ ಹೆಜ್ಜೆ.

ಜೊತೆ ಕುದುರೆಯನ್ನು ಯಾವಾಗ ವಾಪಸ್ ತರುತ್ತೀರಿ ಎಂಬುದರಲ್ಲಿ ಎಲ್ಲ ಇದೆ. ಕೆನೆದು ಸುತ್ತುತ್ತಿರುವಾಗ ತಂದರೆ, ಕೂಗಿದರೆ ಬರುತ್ತದೆ ಎಂದು ಕಲಿಸಿದಂತೆ. ಗಾಬರಿ ಅಷ್ಟಕ್ಕೆ ಏರುವ ಮೊದಲೇ, ಹುಲ್ಲು ಬಾಯಲ್ಲಿರುವಾಗಲೇ ತನ್ನಿ. ಅಕಸ್ಮಾತ್ ಗಾಬರಿ ಶುರುವಾಗಿಬಿಟ್ಟರೆ ಒಂದು ಕ್ಷಣವಾದರೂ ತಲೆ ತಗ್ಗಿಸುವುದನ್ನು ಕಾಯಿರಿ, ಆಗ ತನ್ನಿ. ಆದರೆ ಬೇಲಿಗೆ ಎದೆ ಕೊಟ್ಟು ನುಗ್ಗುತ್ತಿದ್ದರೆ ಕಾಯುತ್ತಾ ನಿಲ್ಲಬೇಡಿ. ಪೆಟ್ಟು ಮಾಡಿಕೊಳ್ಳುತ್ತದೆ. ಪಾಠ ಹಾಳಾದರೂ ಪರವಾಗಿಲ್ಲ, ತಂದುಬಿಡಿ.

ದೂರ ಮತ್ತು ಸಮಯ ಎರಡನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹೊತ್ತು ಹೆಚ್ಚಿಸಿ. ಕಣ್ಮರೆಯಾಗುವ ಹಂತಕ್ಕೆ ಬಂದಾಗ ಮತ್ತೆ ಕೆಲವೇ ಸೆಕೆಂಡಿನಿಂದ ಶುರು ಮಾಡಿ. ಕಣ್ಮರೆಯಾಗುವುದೇ ಕುದುರೆಗೆ ದೊಡ್ಡ ಗೆರೆ.

ತಾನು ಹೊರಟು ಹೋಗುವುದಕ್ಕಿಂತ ತನ್ನನ್ನು ಬಿಟ್ಟು ಹೋಗುವುದು ಹೆಚ್ಚಿನ ಕುದುರೆಗಳಿಗೆ ಕಷ್ಟ. ಎರಡನ್ನೂ ಅಭ್ಯಾಸ ಮಾಡಿಸಿ, ಆದರೆ ಬಿಟ್ಟು ಹೋಗುವುದಕ್ಕೆ ಹೆಚ್ಚು ದಿನ ಕೊಡಿ. ಎಂಡ್ಯೂರೆನ್ಸ್‌ನಲ್ಲಿ ಅದೇ ಮತ್ತೆ ಮತ್ತೆ ಎದುರಾಗುವುದು. ಪಕ್ಕದ ಜಾಗದ ಕುದುರೆಯನ್ನೂ ಆಗಾಗ ಬದಲಿಸಿ. ಒಂದೇ ಜೋಡಿ ವರ್ಷಗಟ್ಟಲೆ ಅಕ್ಕಪಕ್ಕ ಇದ್ದರೆ ಬಂಧ ಬಿಗಿಯಾಗುತ್ತದೆ. ಬೆಂಗಳೂರು, ಮೈಸೂರಿನ ರೇಸ್‌ಗಳಲ್ಲಿ ಓಡಿ ನಿವೃತ್ತವಾದ ಥರೋಬ್ರೆಡ್‌ಗಳನ್ನು ಸವಾರಿಗೆ ಪಳಗಿಸುವವರಿಗೂ ಈ ಹೆಜ್ಜೆ ಉಪಯೋಗಕ್ಕೆ ಬರುತ್ತದೆ. ಅವು ಬೆಳೆದದ್ದೇ ಸಾಲು ಲಾಯದಲ್ಲಿ, ಅಭ್ಯಾಸಕ್ಕೆ ಹೋದದ್ದು ಗುಂಪಿನಲ್ಲಿ.

ಎರಡನೇ ಹೆಜ್ಜೆ: ನಿಮ್ಮ ಹಗ್ಗದ ಮಾತು ಕೇಳಬೇಕು

ಗಾಬರಿ ಏರುತ್ತಿರುವಾಗ ಕೈಯಲ್ಲಿ ಏನಾದರೂ ಇರಬೇಕಲ್ವಾ? ನಿಲ್ಲು, ಹಿಂದೆ ಸರಿ, ಹಿಂಗಾಲು ಪಕ್ಕಕ್ಕಿಡು, ತಲೆ ತಗ್ಗಿಸು. ಈ ನಾಲ್ಕನ್ನು ಶಾಂತ ದಿನಗಳಲ್ಲಿ ಬೆರಳಿನ ಸೂಚನೆಗೆ ಮಾಡುವಷ್ಟು ಕಲಿಸಿ. ನಾನು ಹೆಚ್ಚು ನಂಬುವುದು ತಲೆ ತಗ್ಗಿಸುವುದನ್ನು. ಹಗ್ಗದ ಮೇಲೆ ಸ್ವಲ್ಪವೇ ಭಾರ ಹಾಕಿ, ಒಂದು ಅಂಗುಲ ತಗ್ಗಿದ ಕೂಡಲೇ ಬಿಟ್ಟುಬಿಡಿ. ಬಿಡುವುದೇ ಬಹುಮಾನ. ಜೊತೆಗೆ ಕತ್ತಿನ ಬುಡ, ಅಂದರೆ ಜೀನಿನ ಮುಂದಿನ ಉಬ್ಬನ್ನು ಕೆರೆದುಕೊಡಿ. ಕುದುರೆಗಳು ಪರಸ್ಪರ ಕೆರೆದುಕೊಳ್ಳುವುದು ಅಲ್ಲೇ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ.

ಜೊತೆ ಕುದುರೆಯ ಹತ್ತಿರ ಚೆನ್ನಾಗಿ ದುಡಿಸು, ದೂರದಲ್ಲಿ ವಿಶ್ರಾಂತಿ ಕೊಡು ಎನ್ನುವ ಒಂದು ಪದ್ಧತಿ ಪ್ರಸಿದ್ಧವಾಗಿದೆ. ಅದರ ತಿರುಳು ಸರಿ. ದೂರ ಎಂದರೆ ಹಾಯಾದ ಜಾಗ ಎಂದು ಕುದುರೆ ಕಲಿಯುತ್ತದೆ. ಆದರೆ ಎಳೆಯ ಕುದುರೆಯನ್ನು ಚಿಕ್ಕ ವೃತ್ತದಲ್ಲಿ ಬೆವರು ಕಿತ್ತು ಬರುವಂತೆ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಕೀಲುಗಳಿಗೆ ಕೇಡು, ಮೈಯ ಉದ್ರೇಕವೂ ಜಾಸ್ತಿಯಾಗುತ್ತದೆ. ಹತ್ತಿರದಲ್ಲಿ ನಡಿಗೆಯ ತಿರುವುಗಳು, ದೂರದಲ್ಲಿ ನಿಂತು ಮೇಯುವುದು. ಇಷ್ಟು ಸಾಕು. ಇನ್ನು ಕುದುರೆಯನ್ನು ಕಟ್ಟಿಹಾಕಿ, ಕೂಗಿ ಕೂಗಿ ತಾನೇ ಸುಮ್ಮನಾಗಲಿ ಎಂದು ಬಿಡುವವರಿದ್ದಾರೆ. ಸುಮ್ಮನಾಗುತ್ತದೆ, ನಿಜ. ಹುಲ್ಲು ಕೊಟ್ಟು ನೋಡಿ, ತಿನ್ನುವುದಿಲ್ಲ. ಸೋತು ನಿಂತದ್ದು ನೆಮ್ಮದಿ ಅಲ್ಲ.

ಮೂರನೇ ಹೆಜ್ಜೆ: ದಾರಿಯಲ್ಲಿ ಸೇರುವುದು, ಬಿಡುವುದು

ಒಬ್ಬ ತಾಳ್ಮೆಯ ಗೆಳೆಯ, ಅನುಭವ ಇರುವ ಕುದುರೆ ಸಿಕ್ಕರೆ ಪುಣ್ಯ. ನಡಿಗೆಯಲ್ಲಿ ಶುರು ಮಾಡಿ. ಅವರು ಮುಂದೆ, ನೀವು ಹಿಂದೆ. ನೀವು ದಾಟಿ ಮುಂದೆ ಹೋಗಿ, ಅವರು ದಾಟಲಿ. ಅಂತರ ಒಂದು ಕುದುರೆಯಷ್ಟು, ಆಮೇಲೆ ಹತ್ತು ಕುದುರೆಯಷ್ಟು, ಆಮೇಲೆ ತಿರುವಿನ ಆಚೆ. ನಡಿಗೆಯಲ್ಲಿ ಸರಿಯಾದ ಮೇಲೆ ಟ್ರಾಟ್‌ನಲ್ಲೂ ಅದೇ.

ಮುಂದಿನದು ಕವಲು ದಾರಿ. ಎರಡು ದಾರಿ ಬೇರೆಯಾಗಿ ಸ್ವಲ್ಪ ದೂರದಲ್ಲಿ ಮತ್ತೆ ಕೂಡುವ ಜಾಗ ಹುಡುಕಿ. ನೀವು ಎಡಕ್ಕೆ, ಅವರು ಬಲಕ್ಕೆ. ಬೇರೆಯಾಗುವ ಜಾಗದಲ್ಲಿ ಅವಸರ ಮಾಡಬೇಡಿ. ಇಬ್ಬರೂ ನಿಂತು, ಕುದುರೆಗಳು ಉಸಿರು ಬಿಟ್ಟ ಮೇಲೆ ಹೊರಡಿ. ಬೇರೆಯಾದ ಸ್ವಲ್ಪ ಹೊತ್ತಿಗೇ ಇಳಿದು ಒಂದು ಹಿಡಿ ಹಸಿ ಹುಲ್ಲು ಮೇಯಿಸಿ. ಒಂಟಿ ದಾರಿಯಲ್ಲಿ ಬಾಯಿ ಆಡುತ್ತದೆ ಎಂದಾದರೆ ಅರ್ಧ ಗೆದ್ದಿರಿ.

ಆಮೇಲೆ ಗೆಳೆಯರನ್ನು ಬದಲಿಸಿ. ಒಂದು ವಾರ ಇವರು, ಇನ್ನೊಂದು ವಾರ ಬೇರೆಯವರು. ನಡುವೆ ಒಂಟಿ ಸವಾರಿ. ದಾರಿಯಲ್ಲಿ ಕುದುರೆಗಳು ಬರುತ್ತವೆ ಹೋಗುತ್ತವೆ, ಸವಾರ ಮಾತ್ರ ಬದಲಾಗುವುದಿಲ್ಲ ಎಂದು ಅದಕ್ಕೆ ಅನಿಸಬೇಕು. ನೆತ್ತಿಗೇರಿದ ಕುದುರೆಯ ಮೇಲೆ ಕೂತು ಧೈರ್ಯ ತೋರಿಸುವ ಅಗತ್ಯ ಇಲ್ಲ. ಬೆನ್ನು ಬಿಗಿಯಾಯಿತು, ಮುಂಗಾಲು ಹಗುರವಾಯಿತು ಅನ್ನಿಸಿದರೆ ಇಳಿದು ನಡೆಸಿ. ಎಂಡ್ಯೂರೆನ್ಸ್‌ನಲ್ಲಿ ದಾರಿಯುದ್ದಕ್ಕೂ ಇಳಿದು ನಡೆಯಬಹುದು, ಹಳೆಯ ಸವಾರರೂ ನಡೆಯುತ್ತಾರೆ.

ನಾಲ್ಕನೇ ಹೆಜ್ಜೆ: ಕ್ಯಾಂಪಿನ ರಾತ್ರಿ

ಬಹುತೇಕರು ಬಿಟ್ಟುಬಿಡುವ ಹೆಜ್ಜೆ ಇದು. ಸವಾರಿಯ ಹಿಂದಿನ ರಾತ್ರಿ ಕುದುರೆಗಳು ಟ್ರೈಲರ್ ಪಕ್ಕ ಕಟ್ಟಿಕೊಂಡೋ, ಮಡಚುವ ಬೇಲಿಯ ಒಳಗೋ ಇರಬೇಕಾಗುತ್ತದೆ. ಸುತ್ತ ನೂರು ಅಪರಿಚಿತ ಕುದುರೆ, ಜನರೇಟರ್ ಸದ್ದು, ಟಾರ್ಚ್ ಬೆಳಕು. ಹೀಗಿರುವುದನ್ನು ಮೊದಲು ಅಂಗಳದಲ್ಲಿ, ಆಮೇಲೆ ಸ್ಪರ್ಧೆ ಇಲ್ಲದ ಯಾವುದಾದರೂ ಕ್ಯಾಂಪಿನಲ್ಲಿ ಒಂದು ರಾತ್ರಿ ರೂಢಿ ಮಾಡಿಸಿ. ಟ್ರೈಲರ್‌ಗೆ ಒಂಟಿಯಾಗಿ ಹತ್ತುವುದೂ ಬರಬೇಕು. ಕಟ್ಟಿ ನಿಲ್ಲಿಸುವುದು ಗಟ್ಟಿಯಾಗುವವರೆಗೆ ಬೇಲಿಯನ್ನು ಮಾತ್ರ ನಂಬಬೇಡಿ. ಗಾಬರಿಯಾದ ಕುದುರೆ ಹಗುರ ಬೇಲಿಯನ್ನು ಎಳೆದುಕೊಂಡೇ ಓಡುತ್ತದೆ, ಕತ್ತಲಲ್ಲಿ ಬಿಚ್ಚಿಕೊಂಡ ಕುದುರೆ ಇಡೀ ಕ್ಯಾಂಪಿಗೆ ಅಪಾಯ.

ಒಂದೇ ಟ್ರೈಲರ್‌ನಲ್ಲಿ ಬಂದ ಎರಡು ಕುದುರೆಗಳು ಕೆಲವೇ ಗಂಟೆಗಳಲ್ಲಿ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಮನೆಯಲ್ಲಿ ಒಂದನ್ನೊಂದು ಕಚ್ಚಾಡಿಕೊಂಡಿದ್ದವೂ ಅಷ್ಟೇ. ಹೊಸ ಜಾಗದಲ್ಲಿ ಪರಿಚಯದ ಮುಖ ಅದೊಂದೇ ತಾನೇ. ಸಾಧ್ಯವಾದರೆ ಮೊದಲ ಸವಾರಿಗಳಿಗೆ ಕುದುರೆಯನ್ನು ಒಂದನ್ನೇ ಕರೆದೊಯ್ಯಿರಿ. ಜೊತೆಗೆ ಬಂದರೆ ಬೇಲಿಗಳ ನಡುವೆ ಅಂತರ ಇರಲಿ, ಸಂಜೆ ಬೇರೆ ಬೇರೆಯಾಗಿ ನಡೆಸಿ.

ಸವಾರಿ ಮಾಡದೆಯೂ ಒಂದು ಸ್ಪರ್ಧೆಗೆ ಹೋಗಿ ಬನ್ನಿ. ಸ್ವಯಂಸೇವಕರಾಗಿ ಹೋದರೆ ಸಂಘಟಕರಿಗೆ ಖುಷಿ. ಅನುಮತಿ ಕೇಳಿ ಕುದುರೆಯನ್ನೂ ಕರೆದೊಯ್ದು, ಬೆಳಿಗ್ಗೆ ಎಲ್ಲ ಕುದುರೆಗಳೂ ಹೊರಡುವಾಗ ಹುಲ್ಲು ಮುಂದಿಟ್ಟು ನಿಲ್ಲಿಸಿ. ಎಲ್ಲರೂ ಹೋಗುತ್ತಾರೆ, ಎಲ್ಲರೂ ವಾಪಸ್ ಬರುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಐದನೇ ಹೆಜ್ಜೆ: ಮೊದಲ ಸವಾರಿಯ ದಿನ

ಪರಿಚಯಕ್ಕೆಂದೇ ಇಡುವ ಚಿಕ್ಕ ಸವಾರಿ ಇದ್ದರೆ ಅದನ್ನೇ ಆರಿಸಿ, ಇಲ್ಲವೇ 25 ಮೈಲಿ. ಅದಕ್ಕೆ ವಿಶ್ರಾಂತಿಯೂ ಸೇರಿ 6 ಗಂಟೆ ಸಮಯ ಇರುತ್ತದೆ, ಅವಸರ ಬೇಡ. ಬಾಲಕ್ಕೆ ಹಸಿರು ರಿಬ್ಬನ್ ಕಟ್ಟಿದರೆ ಎಳೆಯ ಕುದುರೆ ಎಂದು ಉಳಿದವರಿಗೆ ಗೊತ್ತಾಗುತ್ತದೆ. ಒದೆಯುವ ಅಭ್ಯಾಸ ಇದ್ದರೆ ಕೆಂಪು.

ಹೊರಡುವಾಗ ಗುಂಪಿನ ಮಧ್ಯೆ ಸಿಕ್ಕಿಕೊಳ್ಳಬೇಡಿ. ಮುಂದಿನ ಕುದುರೆಗಳೆಲ್ಲ ಕಣ್ಮರೆಯಾಗುವವರೆಗೆ ಕ್ಯಾಂಪಿನ ಇನ್ನೊಂದು ಮೂಲೆಯಲ್ಲಿ ನಡೆಸುತ್ತಾ, ಮೇಯಿಸುತ್ತಾ ಇದ್ದು, ಆಮೇಲೆ ನಡಿಗೆಯಲ್ಲಿ ಹೊರಡಿ. ಗಡಿಯಾರ ಎಲ್ಲರಿಗೂ ಒಂದೇ ಸಮಯಕ್ಕೆ ಶುರುವಾಗುವುದರಿಂದ ನಿಮ್ಮ ಕೆಲವು ನಿಮಿಷ ಹೋಗುತ್ತದೆ. ಹೋಗಲಿ. ತಡವಾಗಿ ಹೊರಡುವ ಮಿತಿ ಎಷ್ಟು ಎಂದು ಹಿಂದಿನ ಸಂಜೆಯ ಸಭೆಯಲ್ಲಿ ಕೇಳಿಟ್ಟುಕೊಳ್ಳಿ.

ದಾರಿಯಲ್ಲಿ ಯಾರಾದರೂ ನಿಮ್ಮ ವೇಗದವರು ಸಿಕ್ಕೇ ಸಿಗುತ್ತಾರೆ. ಸ್ವಲ್ಪ ದೂರ ಜೊತೆಗೆ ಹೋಗಿ, ಆಮೇಲೆ ಬೇಕೆಂದೇ ಬಿಡಿ. ಅವರು ದಾಟಿ ಹೋಗಲಿ, ನೀವು ಇಳಿದು ಹುಲ್ಲು ಮೇಯಿಸಿ. ಒಬ್ಬರ ಜೊತೆಗೇ ಪೂರ್ತಿ ಸುತ್ತು ಮುಗಿಸಿದರೆ ತಪಾಸಣೆಯ ಹೊತ್ತಿಗೆ ಹೊಸ ಜೋಡಿ ತಯಾರಾಗಿರುತ್ತದೆ. ನೀರಿನ ತೊಟ್ಟಿಯ ಹತ್ತಿರ ಒಂದು ಮರ್ಯಾದೆ ಇದೆ. ಒಂದು ಕುದುರೆ ಕುಡಿಯುತ್ತಿರುವಾಗ ಇನ್ನೊಂದು ಬಿಟ್ಟು ಹೋಗುವುದಿಲ್ಲ. ನಮ್ಮದು ಎಳೆಯ ಕುದುರೆ, ಸ್ವಲ್ಪ ಕಾಯುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತಪಾಸಣೆಗೆ ಬರುವ ಕೊನೆಯ ಅರ್ಧ ಮೈಲಿ ಇಳಿದು ನಡೆಸಿ. ಬಡಿತ ಇಳಿದ ಮೇಲೆ ನೆನೆಸಿದ ಬೀಟ್ ಪಲ್ಪ್ (ಸಕ್ಕರೆ ತೆಗೆದ ಬೀಟ್ ಗೆಡ್ಡೆಯ ಹಿಪ್ಪೆ), ಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ನೀರು, ಎಲ್ಲವೂ ಒಂದೇ ಕಡೆ ಸಿದ್ಧ ಇರಲಿ. ಕುದುರೆ ಮಸಾಲೆಯಲ್ಲಿ ಸುಣ್ಣದಂಶ ಹೆಚ್ಚು, ಜಠರದ ಆಮ್ಲಕ್ಕೆ ತಡೆಯಾಗುತ್ತದೆ. ಜನ ಓಡಾಡುವ ದಾರಿಯಿಂದ ದೂರ, ಆದರೆ ಬೇರೆ ಕುದುರೆಗಳು ಕಾಣುವ ಜಾಗ ಆರಿಸಿ. ಪೂರ್ತಿ ಮರೆ ಮಾಡಿದರೆ ಗಾಬರಿ ಹೆಚ್ಚು. ದಾರಿಯಲ್ಲಿ ಜೊತೆಯಾದ ಕುದುರೆಯನ್ನು ವೈದ್ಯರ ಮುಂದೆ ಪಕ್ಕದಲ್ಲೇ ನಿಲ್ಲಿಸಿಕೊಳ್ಳುವ ಪದ್ಧತಿ ಇದೆ. ಮೊದಲ ಸವಾರಿಯಲ್ಲಿ ಅದರಿಂದ ಲಾಭವೇ. ಎರಡನೇ, ಮೂರನೇ ಸವಾರಿಗೆ ಅದನ್ನು ಬಿಡಿಸುತ್ತಾ ಬನ್ನಿ. ಹಗ್ಗ ಹಿಡಿದು ಓಡಿಸುವುದನ್ನು ಊರಲ್ಲೇ, ಜೊತೆ ಕುದುರೆಯಿಂದ ದೂರ ಹೋಗುವ ದಿಕ್ಕಿನಲ್ಲಿ ಕಲಿಸಿದ್ದರೆ ಇಲ್ಲಿ ಕೈಹಿಡಿಯುತ್ತದೆ.

ಜೊತೆಯಾದ ಕುದುರೆ ಕುಂಟಿ ಅಲ್ಲೇ ಸ್ಪರ್ಧೆಯಿಂದ ಹೊರಬಿದ್ದರೆ? ಇದು ಆಗುತ್ತಲೇ ಇರುತ್ತದೆ. ಟೆವಿಸ್‌ನಲ್ಲಿ ಹೊರಟ ಕುದುರೆಗಳಲ್ಲಿ ಸುಮಾರು ಅರ್ಧದಷ್ಟೇ ಮುಗಿಸುವುದು. ಆಗ ಮಾಡಬೇಕಾದದ್ದನ್ನು ಮೊದಲೇ ಯೋಚಿಸಿರಿ. ನಿಮ್ಮ ಕುದುರೆ ತಿನ್ನುತ್ತಿದೆ, ಬಡಿತ ಇಳಿದಿದೆ ಎಂದಾದರೆ ಹೊರಡುವ ಬೇರೆ ಯಾರ ಹಿಂದೆಯಾದರೂ ಹೊರಡಿ. ವಿಶ್ರಾಂತಿ ಪೂರ್ತಿ ತಿನ್ನದೆ, ಕುಡಿಯದೆ ಕಳೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಎಇಆರ್‌ಸಿ ನಿಯಮದಲ್ಲಿ ಕುದುರೆ ಆರೋಗ್ಯವಾಗಿದ್ದರೂ ಸವಾರರೇ ಹಿಂದೆ ಸರಿಯಲು ಅವಕಾಶ ಇದೆ. ಮುಗಿಸಿದರೆ ಗೆದ್ದಂತೆ ಎಂಬುದು ಆ ಸಂಸ್ಥೆಯ ಘೋಷವಾಕ್ಯ. ಎಳೆಯ ಕುದುರೆಯ ವಿಷಯದಲ್ಲಿ ಮುಗಿಸದೆ, ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗುವುದೂ ನನಗೆ ಅಷ್ಟೇ ದೊಡ್ಡದು.

ಶಾಂತವಾಗಲಿ ಎಂದು ಔಷಧಿ ಕೊಡುವ ಯೋಚನೆ ಬೇಡ. ಮದ್ದು ಕೊಟ್ಟು ಓಡಿಸುವುದನ್ನು ನಿಯಮ ಬಿಲ್ಕುಲ್ ಒಪ್ಪುವುದಿಲ್ಲ. ಗಿಡಮೂಲಿಕೆ ಎಂದು ಮಾರುವ ಕೆಲವು ಪುಡಿಗಳಲ್ಲೂ, ಉದಾಹರಣೆಗೆ ವಲೇರಿಯನ್ ಇರುವವುಗಳಲ್ಲಿ, ನಿಷೇಧಿತ ಅಂಶ ಇರುತ್ತದೆ. ಡಬ್ಬದ ಮೇಲಿನ ಪಟ್ಟಿ ಓದದೆ ಏನನ್ನೂ ಕೊಡಬೇಡಿ.

ಮನೆಗೆ ಬಂದ ಮೇಲೆ

ಓಡಿದ ಪ್ರತಿ 10 ಮೈಲಿಗೆ ಕನಿಷ್ಠ ಒಂದು ದಿನ ವಿಶ್ರಾಂತಿ ಎನ್ನುವುದು ಈ ಸವಾರರ ರೂಢಿ. ಎಳೆಯ ಕುದುರೆಗೆ ಅದಕ್ಕಿಂತ ಜಾಸ್ತಿಯೇ ಕೊಡಿ. ಆ ದಿನಗಳಲ್ಲಿ ಸವಾರಿ ಬೇಡ, ಲಾಯದ ಚಿಕ್ಕ ಅಗಲಿಕೆಗಳನ್ನು ಮಾತ್ರ ಮತ್ತೆ ಹತ್ತು ಹೆಜ್ಜೆಯಿಂದ ಶುರು ಮಾಡಿ. ಸ್ಪರ್ಧೆಯಿಂದ ಬಂದ ಕುದುರೆ ಕೆಲವು ದಿನ ಹಳೆಯ ಜೊತೆಗೆ ಮತ್ತೆ ಬಿಗಿಯಾಗಿ ಅಂಟಿಕೊಳ್ಳುವುದುಂಟು. ಯಾವ ಹೊತ್ತಿಗೆ ತಿನ್ನುವುದನ್ನು ನಿಲ್ಲಿಸಿತು, ಮತ್ತೆ ಯಾವಾಗ ಬಾಯಿ ಹಾಕಿತು, ಆಗ ಸುತ್ತ ಏನಾಗುತ್ತಿತ್ತು ಎಂಬುದನ್ನು ನೆನಪಿರುವಾಗಲೇ ಬರೆದಿಡಿ. ಮುಂದಿನ ಸವಾರಿಗೆ ಎಲ್ಲಿಂದ ಅಭ್ಯಾಸ ಶುರು ಮಾಡಬೇಕು ಎಂಬುದು ಆ ಚೀಟಿಯಲ್ಲೇ ಸಿಗುತ್ತದೆ. ಆ ಸವಾರಿಗೆ ಬೇರೆ ಜೊತೆಗಾರರನ್ನು ಹುಡುಕಿ. 25 ಮೈಲಿಯಲ್ಲಿ ಪ್ರತಿ ತಪಾಸಣೆಯಲ್ಲೂ ತಿಂದು ಕುಡಿದು ಬಂದ ಮೇಲಷ್ಟೇ 50ರ ಅರ್ಜಿ ತುಂಬಿ.